ಬಲದಿಂದ ಎಡಕ್ಕೆ

ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಗೆರೆ ಎಳೆಯುತ್ತಿದ್ದ ಕಾಲದಲ್ಲಿ 'ಸೆಲೆಕ್ಟ್' ಮಾಡುವ ಕೆಲಸವೇ ಇರಲಿಲ್ಲ. ಟ್ರೇಸಿಂಗ್ ಶೀಟಿನ ಮೇಲೆ ಇಂಕಿನಲ್ಲಿ ಎಳೆದ ಗೋಡೆಯನ್ನು ಒಂದಡಿ ಆಚೆ ಸರಿಸಬೇಕಾದರೆ ಅರ್ಧ ಬ್ಲೇಡು ಹಿಡಿದು ಹಳೆಯ ಗೆರೆ ಕೆರೆಯಬೇಕು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನಯ ಮಾಡಬೇಕು, ಆಮೇಲೆ ಹೊಸ ಗೆರೆ. ನಯವಾಗದಿದ್ದರೆ ಇಂಕು ಹರಡಿಕೊಳ್ಳುತ್ತದೆ. ಗೋಡೆಗೆ ಸೇರಿದ ಬಾಗಿಲು, ಬಾಗಿಲಿಗೆ ಸೇರಿದ ಅಳತೆ, ಅಳತೆಯ ಬಾಣ, ಎಲ್ಲವನ್ನೂ ಒಂದೊಂದಾಗಿ ಕೆರೆದು ಒಂದೊಂದಾಗಿ ಎಳೆಯಬೇಕು. ಬೇಸರದ ಕೆಲಸ, ನಿಜ. ಆದರೆ ಯಾವ ಗೆರೆ ಯಾವುದಕ್ಕೆ ಸೇರಿದ್ದು ಎಂಬುದು ಕೈಗೇ ಗೊತ್ತಾಗುತ್ತಿತ್ತು. ಕೈ ಮುಟ್ಟದೆ ಯಾವ ಗೆರೆಯೂ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದುವಾಗ ನಾನು ಕಲಿತದ್ದು ಇದೇ ಬೋರ್ಡು, ಮಿನಿ ಡ್ರಾಫ್ಟರು, 0.2, 0.3, 0.5ರ ಇಂಕ್ ಪೆನ್ನುಗಳು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ಬಸವನಗುಡಿಯ ಒಂದು ಸ್ಟ್ರಕ್ಚರಲ್ ಆಫೀಸಿಗೆ ಸೇರಿದಾಗ ಅಲ್ಲಿ ಅರ್ಧ ಹಾಲು ಬೋರ್ಡುಗಳು, ಇನ್ನರ್ಧ ಕಂಪ್ಯೂಟರುಗಳು. ಹಿಂದಿನ ಕೋಣೆಯಿಂದ ಅಮೋನಿಯಾ ಪ್ರಿಂಟಿನ ಘಾಟು ಬರುತ್ತಿತ್ತು. ಕಂಪ್ಯೂಟರಿನಲ್ಲಿ ಇದ್ದದ್ದು ಆಟೋಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶದ ರಿಲೀಸ್ 14, ಅಂದರೆ 1997ರ ಆವೃತ್ತಿ. ಡಾಸ್ ಬಿಟ್ಟು ಪೂರ್ತಿ ವಿಂಡೋಸಿಗೇ ಬಂದ ಮೊದಲ ಆವೃತ್ತಿ ಅದು.

ಅಲ್ಲಿನ ಹೆಡ್ ಡ್ರಾಫ್ಟ್ಸ್‌ಮನ್ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದ್ದು ಯಾವ ಶಾಲೆಯಲ್ಲೂ ಅಲ್ಲ, ಆಫೀಸಿಗೆ ಬಂದ ನಮ್ಮಂಥವರಿಗೆ. ಬೋರ್ಡಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು, ಡಾಸಿನ ರಿಲೀಸ್ 12ರಲ್ಲಿ ಹೊಸದಾಗಿ ಅಕ್ಷರಾಭ್ಯಾಸ ಮಾಡಿದವರು. ನನಗೆ ಅವರು ಮೊದಲು ಖಾಲಿ ಸ್ಕ್ರೀನು ಕೊಡಲಿಲ್ಲ. ಮುಗಿದುಹೋದ ಒಂದು ಮನೆಯ ಪ್ಲಾನು ತೆರೆದು ಕೊಟ್ಟು, "ಗೆರೆ ಎಳೆಯೋದು ನಿಂಗೆ ಬರುತ್ತಮ್ಮ, ಅದನ್ನ ಕಾಲೇಜಲ್ಲಿ ಕಲಿಸಿದ್ದಾರೆ. ಇದರಲ್ಲಿರೋದನ್ನ ಹಿಡಿಯೋಕೆ ಕಲಿ" ಎಂದರು. ಹಿಡಿಯುವುದು ಅಂದರೆ ಸೆಲೆಕ್ಟ್ ಮಾಡುವುದು. ಅಡುಗೆಮನೆಯ ಗೋಡೆಗಳನ್ನು ಮಾತ್ರ ಹಿಡಿ. ಗೋಡೆ ಬಿಟ್ಟು ಬಾಗಿಲು ಮಾತ್ರ ಹಿಡಿ. ಮೆಟ್ಟಿಲು ಪೂರ್ತಿ ಹಿಡಿ, ಆದರೆ ಮೆಟ್ಟಿಲಿನ ನಂಬರು ಬರಬಾರದು. ಹಿಡಿದದ್ದನ್ನು ಬಿಟ್ಟು ಮತ್ತೆ ಹಿಡಿ. ಏನನ್ನೂ ಸರಿಸಬೇಡ, ಅಳಿಸಬೇಡ. ಕಂಪ್ಯೂಟರ್ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಇನ್ನೂ ಕಂಡಿಲ್ಲ.

ಆಟೋಕ್ಯಾಡಿನಲ್ಲಿ ಸರಿಸುವ, ಅಳಿಸುವಂಥ ಆಜ್ಞೆ ಕೊಟ್ಟರೆ ಕೆಳಗಿನ ಕಮಾಂಡ್ ಲೈನಿನಲ್ಲಿ 'ಸೆಲೆಕ್ಟ್ ಆಬ್ಜೆಕ್ಟ್ಸ್' ಎಂದು ಬರುತ್ತದೆ. ಅಡ್ಡ ನೆಟ್ಟ ಎರಡು ಗೆರೆಗಳ ಕರ್ಸರು ಮಾಯವಾಗಿ ಒಂದು ಪುಟ್ಟ ಚೌಕ ಉಳಿಯುತ್ತದೆ. ಆ ಚೌಕವನ್ನು ಗೆರೆಯ ಮೇಲಿಟ್ಟು ಒತ್ತಿದರೆ ಆ ಗೆರೆ ಆಗೆಲ್ಲ ಚುಕ್ಕಿಚುಕ್ಕಿಯಾಗಿ ಒಡೆದು ಕಾಣುತ್ತಿತ್ತು, ಸಿಕ್ಕಿತು ಎಂದರ್ಥ. ಖಾಲಿ ಜಾಗದಲ್ಲಿ ಒತ್ತಿದರೆ ಅಲ್ಲಿಂದ ಒಂದು ಆಯತ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಕೈ ಯಾವ ಕಡೆಗೆ ಹೋಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಎಡದಿಂದ ಬಲಕ್ಕೆ ಎಳೆದರೆ ಆಯತದ ಅಂಚು ಇಡಿ ಗೆರೆಯಾಗಿರುತ್ತದೆ, ಪೂರ್ತಿ ಒಳಗೆ ಬಿದ್ದದ್ದು ಮಾತ್ರ ಸಿಗುತ್ತದೆ. ಅದು ವಿಂಡೋ. ಬಲದಿಂದ ಎಡಕ್ಕೆ ಎಳೆದರೆ ಅಂಚು ತುಂಡುತುಂಡು, ಒಂದಿಷ್ಟು ತಗುಲಿದರೂ ಸಾಕು, ಆ ಗೆರೆ ಸಿಕ್ಕಿತು. ಅದು ಕ್ರಾಸಿಂಗ್.

ಹೊಸಬರು ಇದನ್ನು ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಕೈಗೆ ಇಳಿಯುವುದಕ್ಕೆ ಬಹಳ ಕಾಲ ಬೇಕು. ಏಕೆಂದರೆ ಮೊದಲ ಚುಕ್ಕಿ ಇಡುವ ಮುನ್ನವೇ ತೀರ್ಮಾನ ಆಗಿರಬೇಕು: ನನಗೆ ಬೇಕಾದದ್ದು ಇಡಿಯಾಗಿ ಇಲ್ಲಿಯೇ ಇರುವ ವಸ್ತುಗಳೋ, ಇಲ್ಲಿಗೆ ಬಂದು ತಾಗಿ ಆಚೆ ಹೋಗುವ ವಸ್ತುಗಳೂ ಸೇರಿಯೋ? ಮೇಜು, ಕುರ್ಚಿ, ಕಮೋಡು ಇಂಥವಕ್ಕೆ ವಿಂಡೋ ಸಾಕು. ಗೋಡೆ ಹಾಗಲ್ಲ. ಒಂದು ಕೋಣೆಯ ಗೋಡೆ ಪಕ್ಕದ ಕೋಣೆಯ ಗೋಡೆಯೂ ಹೌದು.

ಸ್ಕ್ರೀನಿನ ಮೇಲಿನ ಗೆರೆಯನ್ನು ಬೆರಳಿಟ್ಟು ತೋರಿಸಿದಂತೆ ಹಿಡಿಯುವುದು ಆಟೋಕ್ಯಾಡಿಗಿಂತ ಹಳೆಯದು. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ಸ್ಕೆಚ್‌ಪ್ಯಾಡ್ ಎಂಬ ಡ್ರಾಯಿಂಗ್ ಪ್ರೋಗ್ರಾಂ ತೋರಿಸಿದಾಗ ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಗೆ ಲೈಟ್ ಪೆನ್ನು ಹಿಡಿದು ಗೆರೆಗಳನ್ನು ಎತ್ತಿಕೊಳ್ಳುತ್ತಿದ್ದರು. ಪೆನ್ನು ಗೆರೆಯ ಮೇಲೇ ಕೂರಬೇಕಿರಲಿಲ್ಲ, ಸಮೀಪ ಬಂದರೆ ಸಾಕಿತ್ತು. ಗುರಿ ಯಾವುದೆಂದು ಯಂತ್ರವೇ ಹೊಂದಿಸಿಕೊಳ್ಳುತ್ತಿತ್ತು. ನಮ್ಮ ಕರ್ಸರಿನ ಪುಟ್ಟ ಚೌಕಕ್ಕೂ ಅದೇ ಉದಾರತೆ ಇದೆ. 1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಮಾರುಕಟ್ಟೆಗೆ ಬಂದು, ಹೆಚ್ಚಾಗಿ ದೊಡ್ಡ ಯಂತ್ರಗಳಲ್ಲೇ ಇದ್ದ ಈ ವಿದ್ಯೆ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. ಅಲ್ಲಿಂದ ಬಸವನಗುಡಿಯ ನಮ್ಮ ಹಾಲಿಗೆ.

ಮೇಷ್ಟ್ರು ಹಾಕಿಕೊಟ್ಟ ಇನ್ನೊಂದು ರೂಢಿ ನನ್ನಲ್ಲಿ ಇವತ್ತಿಗೂ ಉಳಿದಿದೆ. ಆಯತ ಎಳೆದ ಕೂಡಲೇ ಕಮಾಂಡ್ ಲೈನು ಎಷ್ಟು ಸಿಕ್ಕವು ಎಂದು ಹೇಳುತ್ತದೆ. 8 ಫೌಂಡ್, 12 ಫೌಂಡ್. "ಎಂಟರ್ ಒತ್ತೋಕೆ ಮುಂಚೆ ಆ ಸಾಲು ಓದಮ್ಮ. ಜೋರಾಗಿ ಓದು." ನಾಲ್ಕು ಗೋಡೆ, ಒಂದೊಂದಕ್ಕೆ ಎರಡು ಗೆರೆ, ಒಟ್ಟು ಎಂಟು ಸಿಗಬೇಕು. ಸಾಲಿನಲ್ಲಿ 11 ಎಂದಿದೆ. ಉಳಿದ ಮೂರು ಎಲ್ಲಿಂದ ಬಂದವು? ಕಣ್ಣಿಗೆ ಕಾಣುವುದಿಲ್ಲ. ಯಾರೋ ಹಿಂದೆ ಕಾಪಿ ಮಾಡುವಾಗ ಗೆರೆಯ ಮೇಲೇ ಗೆರೆ ಕೂತಿದೆ. ಪ್ರಿಂಟಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ನಾಳೆ ಗೋಡೆಯನ್ನು ಒಂದೊಂದೇ ಗೆರೆ ಮುಟ್ಟಿ ಸರಿಸಿದರೆ ಮೇಲಿನದು ಹೋಗುತ್ತದೆ, ಕೆಳಗಿನದು ಅಲ್ಲೇ ಉಳಿಯುತ್ತದೆ, ಇಲ್ಲದ ಗೋಡೆಯೊಂದು ಪ್ಲಾನಿನಲ್ಲಿ ನಿಂತುಬಿಡುತ್ತದೆ. ಕಣ್ಣು ತಪ್ಪಿಸಿಕೊಂಡದ್ದನ್ನು ಆ ಒಂದು ಅಂಕಿ ಹಿಡಿದುಕೊಡುತ್ತದೆ. ಎದುರಿಗೇ ಇರುವ ಈ ಸಾಕ್ಷಿಯನ್ನು ಓದದೆ ಎಂಟರ್ ಒತ್ತುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಆಫೀಸಿನಲ್ಲಿ ನಾನು ನಿಜವಾಗಿ ಕೆಲಸ ಕಲಿತದ್ದು ಒಂದು ಅಡುಗೆಮನೆಯ ಗೋಡೆಯಿಂದ. ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ 30x40 ಸೈಟು. ಆಗ್ನೇಯದಲ್ಲಿ ಅಡುಗೆಮನೆ, ಅದರ ಪಶ್ಚಿಮಕ್ಕೆ ಊಟದ ಜಾಗ. ಪಾಯದ ಡ್ರಾಯಿಂಗ್ ಸೈಟಿಗೆ ಹೋಗಿ ಕಾಲಂಗಳು ಮೇಲೆದ್ದಿದ್ದವು. ಆಗ ಮನೆಯ ಯಜಮಾನರು ಬಂದು, ಫ್ರಿಜ್ ಇಡಲು ಜಾಗವೇ ಇಲ್ಲ, ಅಡುಗೆಮನೆಯನ್ನು ಒಂದಡಿ ದೊಡ್ಡದು ಮಾಡಿ ಎಂದರು. ಒಂದಡಿ ಅಂದರೆ ನಮ್ಮ ಲೆಕ್ಕದಲ್ಲಿ 300 ಮಿಲಿಮೀಟರ್. ನಡುವಿನ ನಾಲ್ಕೂವರೆ ಇಂಚಿನ ಗೋಡೆಯನ್ನು ಪಶ್ಚಿಮಕ್ಕೆ ಅಷ್ಟು ಸರಿಸಬೇಕು.

ಇದಕ್ಕೆ ಇರುವ ಆಜ್ಞೆ ಸ್ಟ್ರೆಚ್. ಈ ಆಜ್ಞೆಗೆ ಬಲದಿಂದ ಎಡಕ್ಕೆ ಎಳೆದ ಆಯತದಂಥ ಕ್ರಾಸಿಂಗ್ ಹಿಡಿತವೇ ಬೇಕು, ಅದು ಪಾಲಿಸುವ ನಿಯಮವೂ ಸ್ಪಷ್ಟ. ಗೆರೆಯ ಎರಡೂ ತುದಿ ಆಯತದೊಳಗಿದ್ದರೆ ಗೆರೆ ಇಡಿಯಾಗಿ ಸರಿಯುತ್ತದೆ. ಒಂದೇ ತುದಿ ಒಳಗಿದ್ದರೆ ಆ ತುದಿ ಸರಿಯುತ್ತದೆ, ಇನ್ನೊಂದು ಅಲ್ಲೇ ನಿಲ್ಲುತ್ತದೆ, ಗೆರೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ವೃತ್ತವಾದರೆ ಅದರ ಕೇಂದ್ರ ಒಳಗಿರಬೇಕು. ಬಾಗಿಲು, ಕಿಟಕಿಯಂಥ ಬ್ಲಾಕುಗಳಿಗೆ ಒಂದು ಆಧಾರ ಬಿಂದು ಇರುತ್ತದೆ. ಆ ಬಿಂದು ಒಳಗಿದ್ದರೆ ಬಾಗಿಲು ಜೊತೆಗೆ ಬರುತ್ತದೆ, ಹೊರಗಿದ್ದರೆ ಗೋಡೆ ಹೋದರೂ ಬಾಗಿಲು ಗಾಳಿಯಲ್ಲಿ ನಿಲ್ಲುತ್ತದೆ.

ಆಯತ ಎಳೆದೆ. ಗೋಡೆಯ ಎರಡು ಗೆರೆ ಸಿಕ್ಕವು, ಬಾಗಿಲು ಸಿಕ್ಕಿತು. ಗೋಡೆ ದಕ್ಷಿಣದ ಹೊರಗೋಡೆಗೆ ಹೋಗಿ ಸೇರುವಲ್ಲಿ ಒಳಮೈಯ ಗೆರೆ ಎರಡು ತುಂಡಾಗಿರುತ್ತದೆ. ಅವೆರಡರ ತುದಿಗಳೂ ಒಳಗೆ ಬಿದ್ದವು. ಅಡುಗೆಮನೆಯ ಕಡೆಯದು 300 ಉದ್ದವಾಗುತ್ತದೆ, ಊಟದ ಜಾಗದ್ದು 300 ಗಿಡ್ಡವಾಗುತ್ತದೆ, ಅದು ಸರಿಯೇ. ಅಳತೆಯ ಗೆರೆಗಳೂ ಬಂದವು. ಅಳತೆ ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಬಿಂದುಗಳನ್ನು ಆಟೋಕ್ಯಾಡ್ 'ಡೆಫ್‌ಪಾಯಿಂಟ್ಸ್' ಎಂಬ ಲೇಯರಿನಲ್ಲಿ, ಅಂದರೆ ಬೇರೆಯದೇ ಪದರದಲ್ಲಿ, ತಾನೇ ಇಟ್ಟುಕೊಳ್ಳುತ್ತದೆ. ಪ್ರಿಂಟಿನಲ್ಲಿ ಅವು ಬರುವುದಿಲ್ಲ. ಗೋಡೆಯ ಮುಖದ ಮೇಲಿರುವ ಆ ಬಿಂದುಗಳು ಆಯತಕ್ಕೆ ಸಿಕ್ಕಿದರೆ ಗೋಡೆ ಸರಿದಂತೆ ಅಂಕಿಯೂ ತಾನಾಗಿ ಬದಲಾಗುತ್ತದೆ. ಬೋರ್ಡಿನಲ್ಲಿ ಪ್ರತಿ ಅಂಕಿಯನ್ನೂ ಕೆರೆದು ಬರೆದವಳಿಗೆ 2700 ಇದ್ದದ್ದು ಕಣ್ಣೆದುರೇ 3000 ಆಗುವುದನ್ನು ನೋಡುವುದೇ ಒಂದು ಸಂಭ್ರಮ.

ಮೇಷ್ಟ್ರು ಹಿಂದೆ ಬಂದು ನಿಂತಿದ್ದರು. "ಎಂಟರ್ ಒತ್ತಬೇಡ. ಆ ಮೂಲೆ ನೋಡು" ಎಂದರು. ಗೋಡೆ ಸೇರುವ ಜಾಗದಲ್ಲಿ ಒಂದು ಕಾಲಂ ಇತ್ತು, 230x450. ಅದನ್ನು ಮುಚ್ಚಿದ ಪಾಲಿಲೈನಿನಲ್ಲಿ ಎಳೆದಿದ್ದರು. ನನ್ನ ಆಯತದ ಅಂಚು ಅದರ ನಡುವೆ ಹಾದುಹೋಗಿತ್ತು. ಕಾಲಮ್ಮಿನ ಪಶ್ಚಿಮದ ಎರಡು ಮೂಲೆ ಒಳಗೆ, ಪೂರ್ವದ ಎರಡು ಹೊರಗೆ. ಅಂದರೆ ಎಂಟರ್ ಒತ್ತಿ 300 ಸರಿಸಿದ ಕ್ಷಣದಲ್ಲಿ 450ರ ಕಾಲಂ 750 ಆಗುತ್ತದೆ. ಸ್ಕ್ರೀನಿನ ಮೇಲೆ ಅದು ಅಷ್ಟೇನೂ ಎದ್ದು ಕಾಣುವುದಿಲ್ಲ, ಒಂದು ಕಪ್ಪು ಆಯತ ಸ್ವಲ್ಪ ಉದ್ದವಾಗಿದೆ ಅಷ್ಟೆ. ಸೈಟಿನಲ್ಲಿ ಆ ಕಾಲಂ ಆಗಲೇ ನಿಂತಿದೆ. ಮೇಲಿನ ಅಂತಸ್ತಿನ ಡ್ರಾಯಿಂಗ್ ಇದರಿಂದಲೇ ಹುಟ್ಟುತ್ತದೆ. ಕಂಬಿ ಕಟ್ಟುವವರು ರಿಂಗ್ ಬಗ್ಗಿಸುವುದು ಕಾಗದದ ಅಳತೆ ನೋಡಿಯೇ. ಶಿಫ್ಟ್ ಕೀ ಒತ್ತಿ ಹಿಡಿದು ಕಾಲಮ್ಮನ್ನು ಮುಟ್ಟಿದರೆ ಅದು ಆಯ್ಕೆಯಿಂದ ಹೊರಗೆ ಹೋಗುತ್ತದೆ. ಹಾಗೆ ಬಿಡಿಸಿದೆ. ಚುಕ್ಕಿಗೆರೆ ಮತ್ತೆ ಇಡಿಗೆರೆಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. "ಕಾಲಂ ಬಿಟ್ಟೆ, ಸರಿ. ಗೋಡೆ ಕೆಳಗಿರೋ ಬೀಮು?" ಎಂದು ಕೇಳಿದರು. ಬೀಮಿನ ಗೆರೆಗಳು ಬೇರೆ ಲೇಯರಿನಲ್ಲಿದ್ದವು, ಆಗ ಫ್ರೀಜ್ ಆಗಿ ಮರೆಯಾಗಿದ್ದವು, ಹಾಗಾಗಿ ಆಯತಕ್ಕೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಅವೂ ಗೋಡೆಯ ಜೊತೆ ಹೋಗುತ್ತಿದ್ದವು, ಆದರೆ ಬೀಮು ಕಾಲಮ್ಮಿಗೆ ಕಟ್ಟುಬಿದ್ದದ್ದು, ಅದು ಹೋಗುವಂತಿಲ್ಲ. ಸಿಗದೇ ಇದ್ದದ್ದರಿಂದ ಗೋಡೆ ಮಾತ್ರ ಹೋಗಿ ಬೀಮು ಹಿಂದೆ ಉಳಿಯುತ್ತದೆ, ಆಗ ಗೋಡೆಯ ಭಾರ ಬರೀ ಸ್ಲ್ಯಾಬಿನ ಮೇಲೆ. ಅದಕ್ಕೆ ಅಡಿಯಲ್ಲಿ ಹೆಚ್ಚಿನ ಕಂಬಿ ಬೇಕೇ ಎಂದು ಎಂಜಿನಿಯರು ನೋಡಬೇಕು. ಮೇಷ್ಟ್ರು ನನ್ನನ್ನೇ ಪ್ರಿಂಟು ಹಿಡಿದು ಎಂಜಿನಿಯರ ಕೋಣೆಗೆ ಕಳಿಸಿದರು. ಡ್ರಾಫ್ಟ್ಸ್‌ಮನ್ ಅಂದರೆ ಹೇಳಿದ್ದನ್ನು ಎಳೆಯುವವರು ಎಂದುಕೊಂಡಿದ್ದ ನನಗೆ ಆ ಕೋಣೆಯ ಬಾಗಿಲು ತಟ್ಟುವಾಗ ಬೇರೆಯದೇ ಧೈರ್ಯ ಇತ್ತು. ಈ ಗೋಡೆಯ ಜೊತೆ ಯಾವುದು ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದೇ ಕಟ್ಟಡವನ್ನು ತಿಳಿಯುವುದು. ಆಜ್ಞೆ ಒಂದಕ್ಷರದ್ದು, ಎಸ್ ಒತ್ತಿದರೆ ಸ್ಟ್ರೆಚ್. ತಿಳಿವಳಿಕೆ ಎಲ್ಲ ಆ ಆಯತದಲ್ಲಿದೆ.

ಆಮೇಲೆ ಬೇರೆ ಬೇರೆ ಹಿಡಿತಗಳು ಕೈಗೆ ಬಂದವು. ಪಿ ಎಂದು ಟೈಪ್ ಮಾಡಿದರೆ ಹಿಂದಿನ ಸಲ ಹಿಡಿದ ಗುಂಪೇ ಮತ್ತೆ ಸಿಗುತ್ತದೆ. ಕಷ್ಟಪಟ್ಟು ಆರಿಸಿದ ಮೆಟ್ಟಿಲನ್ನು ಸರಿಸಿ, ಕೂಡಲೇ ತಿರುಗಿಸಬೇಕೆಂದರೆ ಮತ್ತೆ ಆರಿಸುವ ಶ್ರಮವಿಲ್ಲ. ಸ್ಲ್ಯಾಬಿನ ಡ್ರಾಯಿಂಗಿಗೆ ಫೆನ್ಸ್ ಬಹಳ ಒದಗುತ್ತಿತ್ತು. ಮೋಲ್ಡಿನ ಕಂಬಿಗಳು ಪ್ಲಾನಿನಲ್ಲಿ ಒತ್ತೊತ್ತಾಗಿ ಸಾಲು ಬಿದ್ದಿರುತ್ತವೆ, ನಡುನಡುವೆ ಬರಹ, ಅಳತೆ, ಬಾಣ. ಅಲ್ಲಿ ಆಯತ ಎಳೆದರೆ ಎಲ್ಲ ಕಲಸಿಹೋಗುತ್ತದೆ. ಎಫ್ ಒತ್ತಿ ಬರಹಗಳ ಸಂದಿಯಲ್ಲೇ ನುಸುಳಿಸಿಕೊಂಡು ಒಂದು ಓರೆಗೆರೆ ಎಳೆದರೆ ಆ ಗೆರೆ ದಾಟಿದ ಕಂಬಿಗಳಷ್ಟೇ ಸಿಗುತ್ತವೆ. ವಕ್ರವಾದ ಸೈಟುಗಳಿಗೆ ಬಹುಭುಜದ ಕ್ರಾಸಿಂಗ್ ಇತ್ತು. ಬೆಂಗಳೂರಿನ ಹಳೆಯ ಬಡಾವಣೆಗಳ ಮೂಲೆ ಸೈಟು ಬರೆದವರಿಗೆ ಅದರ ಬೆಲೆ ಗೊತ್ತು.

'ಆಲ್' ಎಂಬ ಆಯ್ಕೆಯನ್ನು ಮಾತ್ರ ಮೇಷ್ಟ್ರು ನಮ್ಮ ಕೈಗೆ ಸುಲಭವಾಗಿ ಕೊಡಲಿಲ್ಲ. ಆಫ್ ಮಾಡಿಟ್ಟ ಲೇಯರ್ ಕಣ್ಣಿಗೆ ಕಾಣುವುದಿಲ್ಲ, ಆದರೆ 'ಆಲ್' ಎಂದರೆ ಅದರಲ್ಲಿದ್ದದ್ದೂ ಆಯ್ಕೆಗೆ ಬರುತ್ತದೆ. ಫ್ರೀಜ್ ಮಾಡಿದ್ದು, ಲಾಕ್ ಮಾಡಿದ್ದು ಬರುವುದಿಲ್ಲ. ಅದಕ್ಕೇ ನಮ್ಮ ಆಫೀಸಿನಲ್ಲಿ ಯಾರೂ ಲೇಯರ್ ಆಫ್ ಮಾಡುವಂತಿರಲಿಲ್ಲ. ಬೇಡವಾದರೆ ಫ್ರೀಜ್ ಮಾಡಿ, ಮುಟ್ಟಬಾರದಿದ್ದರೆ ಲಾಕ್ ಮಾಡಿ.

ಹೊರಗಿನಿಂದ ಬರುತ್ತಿದ್ದ ಕೆಲವು ಡ್ರಾಯಿಂಗುಗಳು ನಮ್ಮನ್ನು ಬಹಳ ಗೋಳಾಡಿಸುತ್ತಿದ್ದವು. ಗೋಡೆ, ಕಾಲಂ, ಸೋಫಾ, ಗಿಡ, ಉತ್ತರ ದಿಕ್ಕಿನ ಬಾಣ ಎಲ್ಲವೂ 0 ಲೇಯರಿನಲ್ಲಿ, ಒಂದೇ ಬಣ್ಣದಲ್ಲಿ. ಅಂಥದ್ದರಲ್ಲಿ ಕಾಲಂಗಳನ್ನಷ್ಟೇ ಹಿಡಿಯಬೇಕೆಂದರೆ ಒಂದೊಂದನ್ನೇ ಹುಡುಕಿ ಮುಟ್ಟಬೇಕು. ಅದಕ್ಕಿಂತ ಕೆಟ್ಟದ್ದು, ಅಳತೆಯ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಿ ಕೂರಿಸಿರುವುದು. ಗೋಡೆ 2850 ಇದ್ದರೂ 3000 ಎಂದು ಬರೆದಿರುತ್ತಾರೆ. ಸ್ಟ್ರೆಚ್ ಮಾಡಿದರೆ ಗೋಡೆ ಹೋಗುತ್ತದೆ, ಆ ಅಂಕಿ ಕದಲುವುದಿಲ್ಲ. ಮುಂದೆ ಯಾರು ಹೇಗೆ ಹಿಡಿಯಬೇಕಾದೀತು ಎಂದು ಯೋಚಿಸಿ ಎಳೆದ ಡ್ರಾಯಿಂಗಿಗೂ ಇವತ್ತು ಪ್ರಿಂಟ್ ತೆಗೆದರೆ ಸಾಕು ಎಂದು ಎಳೆದದ್ದಕ್ಕೂ ಕಾಗದದ ಮೇಲೆ ವ್ಯತ್ಯಾಸವಿಲ್ಲ. ಆಯತ ಎಳೆದಾಗ ಗೊತ್ತಾಗುತ್ತದೆ. ಮತ್ತೊಬ್ಬರ ಕೈಗೆ ಹೋಗುವ ಕೆಲಸವನ್ನು ಹೀಗೆ ಮಾಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನಡುವೆ ಕೆಲವು ಕಾಲ ರಸ್ತೆ ಯೋಜನೆಯೊಂದಕ್ಕೆ ಇನ್ನೊಂದು ಡ್ರಾಯಿಂಗ್ ತಂತ್ರಾಂಶವಾದ ಮೈಕ್ರೊಸ್ಟೇಷನ್‌ನಲ್ಲಿ ಕೆಲಸ ಮಾಡಿದೆ. ಅಲ್ಲಿ ಮೊದಲು ಬೇಲಿ ಹಾಕಬೇಕು. ಒಳಗಿದ್ದದ್ದು ಮಾತ್ರ, ತಾಗಿದ್ದೂ ಸೇರಿ, ಹೊರಗಿದ್ದದ್ದು ಮಾತ್ರ ಎಂದೆಲ್ಲ ಬೇಲಿಯ ಬಗೆಗಳಿವೆ. ಅಂಚಿಗೆ ಸರಿಯಾಗಿ ಗೆರೆಯನ್ನೇ ಕತ್ತರಿಸಿ ಒಳಗಿನ ತುಂಡನ್ನಷ್ಟೇ ತೆಗೆದುಕೊಳ್ಳುವ ಬಗೆಯೂ ಇದೆ. ಮೈಲುಗಟ್ಟಲೆ ಹೋಗುವ ರಸ್ತೆಯ ನಕ್ಷೆಯಿಂದ ಒಂದು ಹಾಳೆಗೆ ಬೇಕಾದಷ್ಟನ್ನು ಎತ್ತಿಕೊಳ್ಳಲು ಅದು ಹೇಳಿ ಮಾಡಿಸಿದಂತಿತ್ತು. ಕಟ್ಟಡದವಳಾದ ನನಗೆ ಮಾತ್ರ ಗೆರೆ ಕತ್ತರಿಸುವುದು ಕೊನೆಯವರೆಗೂ ಒಗ್ಗಲಿಲ್ಲ.

ಆಟೋಕ್ಯಾಡೂ ಬೆಳೆಯಿತು. 2000ದ ಆವೃತ್ತಿಯಲ್ಲಿ ಕ್ವಿಕ್ ಸೆಲೆಕ್ಟ್ ಬಂದಾಗ ನಾನು ಅದರಲ್ಲಿ ಮೊದಲು ಮಾಡಿದ್ದು ಬಾಗಿಲು ಎಣಿಸುವುದು. ಡಿ1 ಎಂಬ ಬ್ಲಾಕುಗಳನ್ನೆಲ್ಲ ಹಿಡಿ ಎಂದರೆ ಇಡೀ ಅಪಾರ್ಟ್‌ಮೆಂಟಿನ ಬಾಗಿಲುಗಳು ಒಮ್ಮೆಗೇ ಸಿಕ್ಕಿ ಲೆಕ್ಕ ಬಂತು. ಮೊದಲೆಲ್ಲ ಪ್ರಿಂಟಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಎಣಿಸುತ್ತಿದ್ದೆವು. ಆಮೇಲೆ ಒಂದನ್ನು ತೋರಿಸಿ ಅದರಂಥವನ್ನೆಲ್ಲ ಹಿಡಿಯುವ ಸೌಲಭ್ಯ ಬಂತು, ಆಯತಗಳಿಗೆ ನೀಲಿ, ಹಸಿರು ಬಣ್ಣ ಬಂತು, ಆಯತ ಬಿಟ್ಟು ಕೈಬೀಸಿ ಸುತ್ತುವ ಲ್ಯಾಸೊ ಬಂತು. 2018ರಲ್ಲಿ ಆಯತದ ಒಂದು ಮೂಲೆ ಇಟ್ಟು, ಡ್ರಾಯಿಂಗನ್ನು ಸರಿಸಿಕೊಂಡು ಹೋಗಿ ದೂರದಲ್ಲಿ ಇನ್ನೊಂದು ಮೂಲೆ ಇಟ್ಟರೂ ಸ್ಕ್ರೀನಿನಾಚೆ ಉಳಿದದ್ದು ಕೈಬಿಡದ ಹಾಗಾಯಿತು. ಉದ್ದನೆಯ ಕಟ್ಟಡ ಬರೆಯುವವರಿಗೆ ಇದು ದೊಡ್ಡ ಉಪಕಾರ. ಲ್ಯಾಸೊ ನಾನು ಬಳಸುವುದಿಲ್ಲ. ಕಟ್ಟಡದಲ್ಲಿ ಅಂಚು ನೇರವಿರಬೇಕು.

ಈಗ ನಮ್ಮ ಕೆಲಸದ ಹೆಚ್ಚಿನ ಪಾಲು ಮತ್ತೊಂದು ತಂತ್ರಾಂಶವಾದ ರೆವಿಟ್‌ನಲ್ಲಿ. ಅಲ್ಲಿ ಗೋಡೆ ಎರಡು ಗೆರೆಯಲ್ಲ, ಗೋಡೆಯೇ. ಒಂದು ಗೋಡೆಯ ಮೇಲೆ ಕರ್ಸರು ಇಟ್ಟು ಟ್ಯಾಬ್ ಒತ್ತಿದರೆ ಅದಕ್ಕೆ ಸಾಲಾಗಿ ಸೇರಿದ ಗೋಡೆಗಳೆಲ್ಲ ಮಿಂಚುತ್ತವೆ. ಎಲ್ಲವನ್ನೂ ಒಟ್ಟಿಗೆ ಬಾಚಿಕೊಂಡು ಫಿಲ್ಟರ್ ಒತ್ತಿದರೆ ಬಾಗಿಲು, ಕಿಟಕಿ, ಕಾಲಂ ಎಂದು ಪಟ್ಟಿ ಬರುತ್ತದೆ, ಪಕ್ಕದಲ್ಲೇ ಎಷ್ಟು ಎಂಬ ಲೆಕ್ಕ. ಆ ಪಟ್ಟಿ ಮೊದಲ ಸಲ ಕಂಡಾಗ ಮೇಷ್ಟ್ರು ಇದನ್ನು ನೋಡಬೇಕಿತ್ತು ಎನ್ನಿಸಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಊರು ಸೇರಿದ್ದರು. ಆದರೂ ಕೀಲಿ ಈಗಲೂ ಹಿಡಿಯುವುದರಲ್ಲೇ ಇದೆ. ಒಂದೇ ಬಗೆಯ ಕಿಟಕಿಗಳನ್ನೆಲ್ಲ ಹಿಡಿಯುವಾಗ ಈ ನೋಟದಲ್ಲಿ ಕಾಣುವವಷ್ಟೇ ಸಾಕೇ, ಇಡೀ ಪ್ರಾಜೆಕ್ಟಿನವು ಬೇಕೇ ಎಂದು ಅದೂ ಕೇಳುತ್ತದೆ. ಎರಡನೆಯದನ್ನು ಒತ್ತಿ ಬದಲಿಸಿದರೆ ನೀವು ಕೂತಿರುವುದು ನೆಲ ಅಂತಸ್ತಿನಲ್ಲಾದರೂ ಏಳನೆಯ ಅಂತಸ್ತಿನ ಕಿಟಕಿಯೂ ಬದಲಾಗುತ್ತದೆ.

ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬರುವವರು ಹೆಚ್ಚಾಗಿ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು, ಗದಗ, ಚಿತ್ರದುರ್ಗ, ಅರಸೀಕೆರೆ ಕಡೆಯವರು. ಸರ್ಟಿಫಿಕೇಟುಗಳನ್ನು ನೋಡಿ ಬದಿಗಿಟ್ಟು ಅವರಿಗೆ ಒಂದು ಮನೆಯ ಪ್ಲಾನು ತೆರೆದು ಕೊಡುತ್ತೇನೆ, ಅಡುಗೆಮನೆಯ ಗೋಡೆಯನ್ನು 300 ಸರಿಸಿ ಎನ್ನುತ್ತೇನೆ. ಆ ಗೋಡೆಯ ಕೊನೆಯಲ್ಲಿ ಒಂದು ಕಾಲಂ ಇರುತ್ತದೆ. ಬೀಮಿನ ಲೇಯರ್ ಫ್ರೀಜ್ ಆಗಿರುತ್ತದೆ. ಕೆಲವರು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತಾರೆ. ಕೆಲವರು ಮೊದಲು ಲೇಯರುಗಳ ಪಟ್ಟಿ ತೆರೆಯುತ್ತಾರೆ, ಮೂಲೆಗೆ ಝೂಮ್ ಮಾಡುತ್ತಾರೆ, ಆಯತ ಎಳೆದು ಅಂಕಿ ಓದುತ್ತಾರೆ. ಹೋದ ತಿಂಗಳು ಬಂದ ಹುಡುಗಿ ಇಷ್ಟೆಲ್ಲ ಮಾಡಿ, ಎಂಟರ್ ಮೇಲೆ ಬೆರಳಿಟ್ಟು, ಒತ್ತದೆ ನನ್ನ ಕಡೆ ತಿರುಗಿದಳು. "ಮೇಡಂ, ಇದರ ಕೆಳಗೆ ಬೀಮ್ ಐತಲ್ರಿ, ಗೋಡೆ ಅಷ್ಟ ಸರಿಸಿದ್ರ ನಡೀತೈತೇನ್ರಿ?" ಎಂದು ಕೇಳಿದಳು. ಸೋಮವಾರದಿಂದಲೇ ಬಾ ಎಂದೆ.